ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕನಿಷ್ಠ ವೇತನದ ಲೆಕ್ಕ ಎಲ್ಲಿ ತಪ್ಪುತ್ತದೆ?

ವೇತನ ಸಂಹಿತೆ 2019 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ವೇತನ ಪಾವತಿ ಕಾಯ್ದೆ (1936), ಕನಿಷ್ಠ ವೇತನ ಕಾಯ್ದೆ (1948), ಬೋನಸ್ ಪಾವತಿ ಕಾಯ್ದೆ (1965), ಸಮಾನ ವೇತನ ಕಾಯ್ದೆ (1976) ಈ ನಾಲ್ಕೂ ಅದರೊಳಗೆ ಸೇರಿಹೋಗಿವೆ. ಹಳೆಯ ಕಾಯ್ದೆಗಳ ಅಡಿಯಲ್ಲಿ ಹೊರಟ ದರಗಳ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗಿಲ್ಲದಷ್ಟರ ಮಟ್ಟಿಗೆ ಈಗಲೂ ಚಾಲ್ತಿಯಲ್ಲಿರುತ್ತವೆ. ಕೆಳಗೆ ಕೊಟ್ಟಿರುವ ಸಂಬಳದ ಅಂಕಿಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ. ನಿಮಗೆ ಅನ್ವಯಿಸುವ ದರ ತಿಳಿಯಲು ನಿಮ್ಮ ಉದ್ಯಮ, ವಲಯ ಮತ್ತು ಕೌಶಲ ವರ್ಗದ ಅಧಿಸೂಚನೆಯನ್ನೇ ನೋಡಬೇಕು.

ಪ್ರಶ್ನೆ: ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದೇನೆ. ದಿನಕ್ಕೆ 12 ಗಂಟೆ ಪಾಳಿ, ವಾರಕ್ಕೊಂದು ರಜೆ. ಏಜೆನ್ಸಿ ತಿಂಗಳಿಗೆ 18,000 ರೂ. ಕೊಡುತ್ತದೆ. ನಮ್ಮ ಕೆಲಸಕ್ಕೆ ನಿಗದಿಯಾದ ಕನಿಷ್ಠ ವೇತನ 15,600 ರೂ. ಅಂತೆ. "ಕಾನೂನಿಗಿಂತ ಜಾಸ್ತಿಯೇ ಕೊಡ್ತಾ ಇದ್ದೀವಲ್ಲಪ್ಪ" ಅನ್ನುತ್ತಾರೆ ಸೂಪರ್‌ವೈಸರ್. ಹೌದೇ?
– ಸೆಕ್ಯೂರಿಟಿ ಗಾರ್ಡ್

ಉತ್ತರ: ಇಲ್ಲ. 15,600 ಎಂಬುದು ದಿನಕ್ಕೆ 8 ಗಂಟೆಯ ಕೆಲಸಕ್ಕೆ ಕಟ್ಟಿದ ದರ. ನೀವು ದುಡಿಯುತ್ತಿರುವುದು 12 ಗಂಟೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಉತ್ತರ ತಪ್ಪಾಗಿಯೇ ಬರುತ್ತದೆ. ಮೊದಲು ಗಂಟೆಯ ದರ ತೆಗೆಯಿರಿ.

15,600 ಅನ್ನು 26ರಿಂದ ಭಾಗಿಸಿದರೆ ದಿನಕ್ಕೆ 600 ರೂ. ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 75 ರೂ. ಎಂಟು ಗಂಟೆ ಮೀರಿದ ಕೆಲಸಕ್ಕೆ ಸಾಮಾನ್ಯ ದರದ ಕನಿಷ್ಠ ಎರಡು ಪಟ್ಟು ಕೊಡಬೇಕು (ಸಂಹಿತೆಯ ಕಲಂ 14). ಅಂದರೆ ಓಟಿ ಗಂಟೆಗೆ 150 ರೂ. ದಿನಕ್ಕೆ 4 ಗಂಟೆಯಂತೆ 26 ದಿನಕ್ಕೆ 104 ಗಂಟೆ ಓಟಿ, ಅದರ ಮೊತ್ತ 15,600 ರೂ. ಹೀಗೆ ನಿಮಗೆ ಬರಬೇಕಾದ್ದು 31,200. ಕೈಗೆ ಬರುತ್ತಿರುವುದು 18,000.

ಇನ್ನೊಂದು ರೀತಿಯಲ್ಲೂ ನೋಡಿ. ತಿಂಗಳಿಗೆ 312 ಗಂಟೆ ದುಡಿದು 18,000 ಪಡೆದರೆ ಗಂಟೆಗೆ ಬಿದ್ದದ್ದು 57 ರೂ. 69 ಪೈಸೆ. ಎರಡು ಪಟ್ಟಿನ ಮಾತು ಹಾಗಿರಲಿ, ಒಂದು ಪಟ್ಟಿನ 75 ರೂಪಾಯಿಯೂ ಸಿಕ್ಕಿಲ್ಲ.

ಏಜೆನ್ಸಿಯವರ ಕಡೆಯಿಂದ ಬರುವ ವಾದಗಳು ಸಾಮಾನ್ಯವಾಗಿ ಎರಡು. ಊಟದ ಅರ್ಧ ಗಂಟೆ ಕೆಲಸದ ಅವಧಿಯಲ್ಲ ಎನ್ನುತ್ತಾರೆ. ಅದನ್ನು ಒಪ್ಪಿಕೊಂಡರೂ ಓಟಿ 91 ಗಂಟೆ ಆಗುತ್ತದೆ, ಅದರ ಮೊತ್ತ 13,650 ರೂ. ಆಗಲೂ ಬಾಕಿ ಉಳಿದೇ ಇರುತ್ತದೆ. ಊಟದ ಹೊತ್ತಿನಲ್ಲೂ ಗೇಟು ಬಿಟ್ಟು ಹೋಗುವಂತಿಲ್ಲ ಎಂದಾದರೆ ಆ ವಾದವೂ ದುರ್ಬಲ. ಎರಡನೆಯದು 26ರ ಬದಲು 30ರಿಂದ ಭಾಗಿಸುವುದು. ಆಗ ದಿನಕ್ಕೆ 520, ಗಂಟೆಗೆ 65, ಓಟಿಗೆ 130 ಎಂದು ತೋರುತ್ತದೆ. ಗಂಟೆಗೆ 20 ರೂಪಾಯಿಯ ವ್ಯತ್ಯಾಸ ನೋಡಲು ಸಣ್ಣದು, ಆದರೆ 104 ಗಂಟೆಗೆ 2,080 ರೂ. ಮಾಯವಾಗುತ್ತದೆ. ತಿಂಗಳ ದರ 26 ಕೆಲಸದ ದಿನಗಳ ಮೇಲೆ ಕಟ್ಟಿದ್ದಾದರೆ ಭಾಗಿಸಬೇಕಾದ್ದೂ 26ರಿಂದಲೇ.

ಓಟಿಯ ಎರಡು ಪಟ್ಟನ್ನು ಕನಿಷ್ಠ ದರದ ಮೇಲೆ ಕಟ್ಟಬೇಕೋ, ನಿಜವಾಗಿ ಪಡೆಯುತ್ತಿರುವ ದರದ ಮೇಲೋ ಎಂದು ಹಲವರು ಕೇಳುತ್ತಾರೆ. ನಿಜವಾಗಿ ಪಡೆಯುವ ಸಾಮಾನ್ಯ ದರದ ಮೇಲೆ ಎಂದು ಹಳೆಯ ಕಾಯ್ದೆಯ ಕಾಲದಲ್ಲೇ, 1972ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. 8 ಗಂಟೆಗೆ ನಿಮಗೆ ಕನಿಷ್ಠಕ್ಕಿಂತ ಹೆಚ್ಚು ನಿಗದಿಯಾಗಿದ್ದರೆ ಓಟಿಯೂ ಅಷ್ಟೇ ಏರುತ್ತದೆ.

ಪ್ರಶ್ನೆ: ಕನಿಷ್ಠ ವೇತನದ ಅಂಕಿಯನ್ನು ಸರ್ಕಾರ ಎಲ್ಲಿಂದ ತರುತ್ತದೆ? ಯಾವುದಾದರೂ ಸೂತ್ರ ಇದೆಯೇ, ಅಥವಾ ಮಾಲೀಕರೂ ಯೂನಿಯನ್‌ನವರೂ ಚೌಕಾಸಿ ಮಾಡಿ ಗೊತ್ತುಮಾಡುವುದೇ?
– ಕಾಮರ್ಸ್ ವಿದ್ಯಾರ್ಥಿನಿ

ಉತ್ತರ: ಸೂತ್ರವೂ ಇದೆ, ಚೌಕಾಸಿಯೂ ಇದೆ. ಸೂತ್ರದಿಂದ ಹೊರಡುವ ಅಂಕಿ ಅಧಿಸೂಚನೆ ತಲುಪುವಷ್ಟರಲ್ಲಿ ಸಾಮಾನ್ಯವಾಗಿ ಸವೆದಿರುತ್ತದೆ.

ಸೂತ್ರದ ಬುನಾದಿ 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನದ ನಿರ್ಣಯ. ದುಡಿಯುವವರು ಒಬ್ಬರು, ಅವರನ್ನು ನಂಬಿದ ಕುಟುಂಬ ಮೂರು ಬಳಕೆ ಘಟಕ. ದುಡಿಯುವ ಗಂಡಸಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6 ಎಂದು ಹಿಡಿದರೆ ಮೂರಾಗುತ್ತದೆ. ವಯಸ್ಸಾದ ಅಪ್ಪ ಅಮ್ಮ ಈ ಲೆಕ್ಕದಲ್ಲಿಲ್ಲ. ಹೆಂಗಸಿನ ಹೊಟ್ಟೆ ಗಂಡಸಿನ ಹೊಟ್ಟೆಗಿಂತ ಐದರಲ್ಲೊಂದು ಪಾಲು ಸಣ್ಣದೆಂದು ಆ ಕಾಲ ತೀರ್ಮಾನಿಸಿತ್ತು, ಅದನ್ನೂ ಗಮನಿಸಿ. ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಅಂದರೆ ಸುಮಾರು 66 ಮೀಟರ್. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ಮನೆಗೆ ತಗಲುವ ಬಾಡಿಗೆ. ಉರುವಲು, ದೀಪ, ಇತರೆ ಖರ್ಚಿಗೆ ಒಟ್ಟು ಕನಿಷ್ಠ ವೇತನದ ಶೇ 20. ಇವಕ್ಕೆ ಮಕ್ಕಳ ಓದು, ಔಷಧ, ಮನರಂಜನೆ, ಮುಪ್ಪು, ಮದುವೆ ಇತ್ಯಾದಿಗೆ ಇನ್ನೊಂದು ಶೇ 25 ಸೇರಿಸಬೇಕು ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು.

ಎಡವುವುದು ಈ ಶೇಕಡಾ ಲೆಕ್ಕದಲ್ಲಿ. ಆಹಾರ, ಬಟ್ಟೆ, ಬಾಡಿಗೆ ಸೇರಿ ತಿಂಗಳಿಗೆ 11,000 ಆಯಿತು ಎನ್ನಿ. ಅದರ ಮೇಲೆ ಶೇ 45 ಸೇರಿಸಿದರೆ 15,950. ಆದರೆ ನಿರ್ಣಯವೂ ತೀರ್ಪೂ ಹೇಳುವುದು ಒಟ್ಟು ವೇತನದ ಶೇ 20, ಒಟ್ಟು ವೇತನದ ಶೇ 25 ಎಂದು. ಹಾಗಾದರೆ ಮೊದಲ ಮೂರು ಬಾಬ್ತು ಒಟ್ಟಿನ ಶೇ 55 ಮಾತ್ರ. 11,000 ಅನ್ನು 0.55ರಿಂದ ಭಾಗಿಸಬೇಕು, 20,000 ಬರುತ್ತದೆ. ಒಂದೇ ಸೂತ್ರ, ಒಂದೇ ಬೆಲೆಪಟ್ಟಿ, ಆದರೂ 4,050 ರೂಪಾಯಿ ಅಂತರ. ಕರಡು ದರಕ್ಕೆ ಆಕ್ಷೇಪಣೆ ಬರೆಯುವ ಯೂನಿಯನ್‌ಗಳು ಮೊದಲು ಪರೀಕ್ಷಿಸಬೇಕಾದ ಸಾಲು ಇದು. ಎರಡನೆಯದು, ಬೆಲೆ ಹಿಡಿದದ್ದು ಎಲ್ಲಿಯದು, ಯಾವ ತಿಂಗಳದ್ದು ಎಂಬುದು. ಸಗಟು ಬೆಲೆಯಲ್ಲಿ ಕಟ್ಟಿದ ದರದಿಂದ ಚಿಲ್ಲರೆ ಅಂಗಡಿಯಲ್ಲಿ ಸಂಸಾರದ ಸಾಮಾನು ತರಲಾಗುವುದಿಲ್ಲ.

ಇನ್ನು ವಿಧಾನ. ಸಂಹಿತೆಯ ಕಲಂ 8 ಎರಡು ದಾರಿ ಕೊಡುತ್ತದೆ. ಒಂದು, ಸರ್ಕಾರ ಸಮಿತಿ ನೇಮಿಸುತ್ತದೆ. ಅದರಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಸಂಖ್ಯೆಯಲ್ಲಿರಬೇಕು, ಸ್ವತಂತ್ರ ಸದಸ್ಯರು ಒಟ್ಟಿನ ಮೂರನೇ ಒಂದು ಭಾಗ ಮೀರಬಾರದು. ಇನ್ನೊಂದು, ಸರ್ಕಾರವೇ ಕರಡು ದರವನ್ನು ಪ್ರಕಟಿಸಿ, ಕನಿಷ್ಠ ಎರಡು ತಿಂಗಳ ನಂತರದ ಒಂದು ದಿನಾಂಕ ಕೊಟ್ಟು, ಅಷ್ಟರೊಳಗೆ ಬಂದ ಆಕ್ಷೇಪಣೆ ಪರಿಶೀಲಿಸಿ, ಸಲಹಾ ಮಂಡಳಿಯನ್ನು ಕೇಳಿ ಅಂತಿಮ ಅಧಿಸೂಚನೆ ಹೊರಡಿಸುತ್ತದೆ. ಆ ಎರಡು ತಿಂಗಳನ್ನು ಮಾಲೀಕರ ಸಂಘಗಳು ಪೂರಾ ಬಳಸುತ್ತವೆ, ಅಂಕಿಅಂಶ ಸಮೇತ. ಕಾರ್ಮಿಕರ ಕಡೆಯಿಂದ ಬರುವ ಅರ್ಜಿಗಳಲ್ಲಿ "ದರ ಸಾಲದು" ಎಂಬ ಒಂದು ಸಾಲೇ ಹೆಚ್ಚು, ಬೆಲೆಪಟ್ಟಿ ಇರುವುದಿಲ್ಲ. ನಿಮ್ಮ ಕಾಲೇಜಿನವರು ಒಂದು ಊರಿನ ಚಿಲ್ಲರೆ ಬೆಲೆ ಸಂಗ್ರಹಿಸಿ ಕೊಟ್ಟರೆ ಅದಕ್ಕೆ ತೂಕ ಇರುತ್ತದೆ.

ದರವನ್ನು ಸಾಮಾನ್ಯವಾಗಿ ಐದು ವರ್ಷ ಮೀರದಂತೆ ಪರಿಷ್ಕರಿಸಬೇಕು. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ವರ್ಗ, ಊರಿನ ವಲಯ, ಕೆಲಸದ ಕಷ್ಟ ಇವುಗಳ ಮೇಲೆ ಅದು ಬದಲಾಗುತ್ತದೆ.

ಪ್ರಶ್ನೆ: ಏಪ್ರಿಲ್‌ನಿಂದ ವಿಡಿಎ (ಬೆಲೆ ಸೂಚ್ಯಂಕದ ಜತೆ ಬದಲಾಗುವ ತುಟ್ಟಿಭತ್ಯೆ) ಏರಿದೆ ಎಂದು ಆದೇಶ ಬಂತು. ನನ್ನ ಸಂಬಳ ಒಂದು ರೂಪಾಯಿಯೂ ಏರಲಿಲ್ಲ. ಇದು ತಪ್ಪಲ್ಲವೇ?
– ಪ್ಯಾಕಿಂಗ್ ವಿಭಾಗದ ಕೆಲಸಗಾರ

ಉತ್ತರ: ತಪ್ಪಾಗಲೇಬೇಕೆಂದಿಲ್ಲ. ಕನಿಷ್ಠ ವೇತನ ಎಂದರೆ ಮೂಲ ದರ ಮತ್ತು ತುಟ್ಟಿಭತ್ಯೆ ಸೇರಿದ ಒಂದೇ ಮೊತ್ತ. ಕರ್ನಾಟಕದಿಂದಲೇ ಹೋದ ಏರ್‌ಫ್ರೈಟ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಒಟ್ಟು ಕನಿಷ್ಠಕ್ಕಿಂತ ಹೆಚ್ಚು ಕೊಡುತ್ತಿರುವ ಮಾಲೀಕರು ವಿಡಿಎಯನ್ನು ಅದರ ಮೇಲೆ ಪ್ರತ್ಯೇಕವಾಗಿ ಕೊಡಬೇಕಿಲ್ಲ.

ಮೂಲ ದರ 12,000, ವಿಡಿಎ 2,200 ಇದ್ದದ್ದು 2,650ಕ್ಕೆ ಏರಿತು ಎನ್ನಿ. ಹೊಸ ಕನಿಷ್ಠ 14,650. ನಿಮ್ಮ ವೇತನ ಈಗಾಗಲೇ 15,000 ಇದ್ದರೆ ಕಾನೂನು ಒತ್ತಾಯಿಸುವುದಿಲ್ಲ. 14,400 ಇದ್ದರೆ 250 ರೂ. ಸೇರಿಸಲೇಬೇಕು. ಹೋಲಿಸುವಾಗ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓಟಿ ಇವನ್ನು ನಿಮ್ಮ 15,000ದೊಳಗೆ ತುರುಕಿದ್ದಾರೆಯೇ ನೋಡಿಕೊಳ್ಳಿ. ಅವು ವೇತನದ ವ್ಯಾಖ್ಯೆಯಿಂದ ಹೊರಗೆ. ಮತ್ತೆ, ಯೂನಿಯನ್ ಜತೆಗಿನ ಒಪ್ಪಂದದಲ್ಲೋ ನೇಮಕಾತಿ ಪತ್ರದಲ್ಲೋ "ವಿಡಿಎ ಪ್ರತ್ಯೇಕ" ಎಂದಿದ್ದರೆ ಆ ಒಪ್ಪಂದದ ಬಲದಿಂದ ಕೇಳಬಹುದು.

ವಿಡಿಎ ಲೆಕ್ಕ ಹಾಕುವಲ್ಲಿ ನಡೆಯುವ ಒಂದು ಎಡವಟ್ಟನ್ನೂ ಹೇಳಬೇಕು. ಇದರ ಆಧಾರ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಅದರ ಆಧಾರ ವರ್ಷ 2001 ಇದ್ದದ್ದು 2016ಕ್ಕೆ ಬದಲಾಗಿದೆ, ಹೊಸ ಸರಣಿ ಶುರುವಾದದ್ದು 2020ರ ಸೆಪ್ಟೆಂಬರ್‌ನಿಂದ. ಎರಡನ್ನೂ ಜೋಡಿಸುವ ಗುಣಕ 2.88. ಹಳೆಯ ಅಧಿಸೂಚನೆ 380 ಅಂಶಕ್ಕೆ ಜೋಡಿಸಿದ್ದಾಗಿ, ಹೊಸ ಸರಣಿಯ ಸೂಚ್ಯಂಕ 140 ಎಂದಿದ್ದರೆ 140ನ್ನು 2.88ರಿಂದ ಗುಣಿಸಿ 403.2 ಮಾಡಿಕೊಂಡ ಮೇಲೆ 380 ಕಳೆಯಬೇಕು. ಆಗ 23.2 ಅಂಶ ಏರಿದೆ ಎಂದು ಗೊತ್ತಾಗುತ್ತದೆ. ಗುಣಿಸುವುದನ್ನು ಮರೆತರೆ ಬೆಲೆಗಳು ಮೂರನೇ ಒಂದಕ್ಕೆ ಇಳಿದಿವೆ ಎಂಬ ಸ್ವರ್ಗದ ಲೆಕ್ಕ ಬರುತ್ತದೆ!

ಪ್ರಶ್ನೆ: ಪೀಸ್ ರೇಟಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಪೀಸಿಗೆ 7 ರೂಪಾಯಿ. ಎಷ್ಟು ಮೈಮುರಿದರೂ 8 ಗಂಟೆಗೆ 60 ಪೀಸ್ ಆಗುತ್ತದೆ, 420 ರೂ. "ಪೀಸ್ ರೇಟಿಗೆ ಮಿನಿಮಮ್ ವೇಜಸ್ ಇಲ್ಲ" ಅನ್ನುತ್ತಾರೆ. ದಾರ ಮುಗಿದಾಗ, ಕರೆಂಟ್ ಹೋದಾಗ ಸುಮ್ಮನೆ ಕೂರುವ ಹೊತ್ತಿಗೂ ಏನೂ ಇಲ್ಲ.
– ಟೈಲರ್

ಉತ್ತರ: ಇದೆ ಅಮ್ಮ. ನಿಮ್ಮ ಕೆಲಸಕ್ಕೆ ಕನಿಷ್ಠ ಪೀಸ್ ದರ ಗೊತ್ತುಮಾಡದೆ ದಿನದ ದರವನ್ನಷ್ಟೇ ಗೊತ್ತುಮಾಡಿದ್ದರೆ, ಪೀಸ್ ಲೆಕ್ಕದಲ್ಲಿ ದುಡಿದವರಿಗೂ ಆ ದಿನದ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. ಸಂಹಿತೆಯ ಕಲಂ 12 ಹೇಳುವುದು ಅದನ್ನೇ. ದಿನದ ದರ 560 ಎಂದಾದರೆ 60 ಪೀಸಿನ ದಿನವೂ 560 ಸಲ್ಲಬೇಕು, 140 ರೂ. ಕಡಿಮೆ ಬಿದ್ದಿದೆ. ಸಾಮಾನು ಕೊಡದೆ, ಕೆಲಸ ಕೊಡದೆ ಕೂರಿಸಿದರೆ ಅದು ನಿಮ್ಮ ತಪ್ಪಲ್ಲ. ಪೂರ್ತಿ ಪಾಳಿಗೆ ಬಂದವರಿಗೆ ಪೂರ್ತಿ ದಿನದ ವೇತನ ಸಲ್ಲಬೇಕೆಂದು ಕಲಂ 10 ಹೇಳುತ್ತದೆ. ಕೆಲಸ ಇದ್ದೂ ಮಾಡಲು ಒಪ್ಪದಿದ್ದವರಿಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಪೀಸ್ ದರವನ್ನು ನ್ಯಾಯವಾಗಿ ಕಟ್ಟುವುದು ಹೇಗೆಂದು ನಿಮ್ಮ ಯೂನಿಟ್‌ನವರೂ ತಿಳಿಯಲಿ. ಸಾಧಾರಣ ವೇಗದ ಕೆಲಸಗಾರರೊಬ್ಬರು ಒಂದು ಪೀಸಿಗೆ ತೆಗೆದುಕೊಳ್ಳುವ ಸಮಯವನ್ನು ಹಲವು ಸಲ ಅಳೆದು ಸರಾಸರಿ ತೆಗೆಯಬೇಕು. 6 ನಿಮಿಷ ಬಂತು ಎನ್ನೋಣ. ನೀರು ಕುಡಿಯಲು, ಬಾಬಿನ್ ಬದಲಿಸಲು, ಸೂಜಿ ಮುರಿದರೆ ಹಾಕಲು, ದಣಿವಿಗೆ ಎಂದು ಶೇ 15 ಸೇರಿಸಿದರೆ 6.9 ನಿಮಿಷ. 480 ನಿಮಿಷದ ಪಾಳಿಯಲ್ಲಿ 69ರಿಂದ 70 ಪೀಸ್ ಸಾಧ್ಯ. 560 ಅನ್ನು 6.9ರಿಂದ ಗುಣಿಸಿ 480ರಿಂದ ಭಾಗಿಸಿದರೆ ಪೀಸಿಗೆ 8 ರೂ. 5 ಪೈಸೆ. ನಿಮಗೆ ಕೊಡುತ್ತಿರುವ 7 ರೂಪಾಯಿಗೆ 560 ಮುಟ್ಟಬೇಕಾದರೆ 80 ಪೀಸ್ ಹೊಲಿಯಬೇಕು. ಪೀಸಿಗೆ ಬರೀ 6 ನಿಮಿಷ ಹಿಡಿದು, ಮೇಲಿನ ಶೇ 15 ಅನ್ನು ಬಿಟ್ಟುಬಿಟ್ಟರೆ ಸರಿಯಾಗಿ 80 ಪೀಸ್ ಆಗುತ್ತದೆ. ನಿಮ್ಮ 7 ರೂಪಾಯಿ ಎಲ್ಲಿಂದ ಬಂತೆಂದು ಇದರಿಂದ ಊಹಿಸಬಹುದು.

ಅಳೆಯುವಾಗ ಲೈನಿನ ಅತಿ ಚುರುಕಿನವರನ್ನು ಆರಿಸುವುದು ಇನ್ನೊಂದು ಹಳೆಯ ಕೈಚಳಕ. ಸ್ಟೈಲ್ ಬದಲಾದಾಗ ಹಳೆಯ ಸಮಯವನ್ನೇ ಮುಂದುವರಿಸುವುದು, ಅಲ್ಟರೇಶನ್‌ಗೆ ವಾಪಸು ಬಂದ ಪೀಸಿನ ಸಮಯವನ್ನು ಲೆಕ್ಕಕ್ಕೇ ಹಿಡಿಯದಿರುವುದೂ ಉಂಟು. ದಿನಕ್ಕೆ ಎಷ್ಟು ಪೀಸ್, ಎಷ್ಟು ಹೊತ್ತು ಖಾಲಿ, ಯಾಕೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ.

ಪ್ರಶ್ನೆ: ನಮ್ಮ ಕಂಪನಿ "ಶೇ 50 ನಿಯಮ"ದ ಹೆಸರಿನಲ್ಲಿ ಸಂಬಳದ ರಚನೆ ಬದಲಿಸಿದೆ. ಕೈಗೆ ಬರುವ ಹಣ ಕಡಿಮೆಯಾಯಿತು. ಕಾನೂನಿನಿಂದ ನಷ್ಟವೇ ಆಯಿತಲ್ಲ?
– ಅಕೌಂಟ್ಸ್ ಸಹಾಯಕ

ಉತ್ತರ: ಸಂಹಿತೆಯಲ್ಲಿ ವೇತನ ಎಂದರೆ ಸಿಗುವ ಎಲ್ಲ ಸಂಭಾವನೆ, ಅದರಲ್ಲಿ ಕೆಲವನ್ನು ಹೊರಗಿಟ್ಟಿದ್ದಾರೆ: ಬೋನಸ್, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಪಿಎಫ್‌ಗೆ ಮಾಲೀಕರ ಪಾಲು, ಓಟಿ, ಕಮಿಷನ್ ಮುಂತಾದವು. ಹೊರಗಿಟ್ಟವು ಒಟ್ಟಿನ ಅರ್ಧ ಮೀರಿದರೆ ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಮಾಲೀಕರ ಪಿಎಫ್ ಪಾಲನ್ನು ಸದ್ಯ ಬದಿಗಿಟ್ಟು ಒಂದು ಲೆಕ್ಕ ನೋಡಿ. ಬೇಸಿಕ್ 12,000, ಮನೆ ಬಾಡಿಗೆ 10,000, ಪ್ರಯಾಣ 8,000, ಒಟ್ಟು 30,000. ಹೊರಗಿನವು 18,000, ಅರ್ಧ ಎಂದರೆ 15,000, ಮೀರಿದ್ದು 3,000. ಹಾಗಾಗಿ ವೇತನ 15,000. ಬೇಸಿಕ್ಕನ್ನೇ 15,000 ಮಾಡಬೇಕೆಂದು ಕಾನೂನು ಹೇಳಿಲ್ಲ, ಲೆಕ್ಕಕ್ಕೆ 15,000 ಹಿಡಿಯಿರಿ ಎಂದಿದೆ, ಅಷ್ಟೆ.

"ಸ್ಪೆಷಲ್ ಅಲೋವೆನ್ಸ್" ಎಂಬುದನ್ನೂ ಅನೇಕ ಕಡೆ ಹೊರಗಿನ ಪಟ್ಟಿಗೆ ತಳ್ಳುತ್ತಾರೆ. ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಬೇಸಿಕ್ 10,000, ಸ್ಪೆಷಲ್ 8,000, ಬಾಡಿಗೆ 8,000, ಪ್ರಯಾಣ 4,000 ಇದ್ದರೆ ವೇತನ 18,000. ಇಲ್ಲಿ ಹೊರಗಿನವು ಅರ್ಧ ಮುಟ್ಟಿಲ್ಲವಾದ್ದರಿಂದ ಸೇರಿಸುವುದೇನೂ ಇಲ್ಲ.

ಕೈಗೆ ಬರುವ ಹಣ ಯಾಕೆ ಕಡಿಮೆಯಾಯಿತು? ಪಿಎಫ್ ಕಡಿತ ಏರಿದ್ದರಿಂದ ಇರಬೇಕು. ಪಿಎಫ್‌ಗೆ ಕಡ್ಡಾಯ ಮಿತಿ 15,000, ಅದರ ಶೇ 12 ಎಂದರೆ 1,800. ಮೊದಲೇ 1,800 ಕಡಿತವಾಗುತ್ತಿದ್ದರೆ ಈ ನಿಯಮದಿಂದ ಏರಬೇಕಾದ ಅಗತ್ಯವಿಲ್ಲ, ಮಿತಿ ಮೀರಿ ಕಟ್ಟುವುದು ಕಂಪನಿಯ ಆಯ್ಕೆ. ಮೊದಲು 12,000ದ ಮೇಲೆ 1,440 ಕಟ್ಟುತ್ತಿದ್ದವರಿಗೆ 360 ಹೆಚ್ಚು ಕಡಿತವಾಗುತ್ತದೆ. ಆದರೆ ಮಾಲೀಕರೂ ಅಷ್ಟನ್ನೇ ಕಟ್ಟಬೇಕು. ಅವರ ಆ 360 ಅನ್ನೂ ಸಿಟಿಸಿಯ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಹೆಸರಿನಲ್ಲಿ ನಿಮ್ಮ ಭತ್ಯೆಯಿಂದ ಕಳೆದಿದ್ದಾರೆಯೇ ಎಂದು ಹಳೆಯ ಮತ್ತು ಹೊಸ ವೇತನ ಚೀಟಿಗಳನ್ನು ಹಿಡಿದು ನೋಡಿ. ನಿಜವಾದ ನಷ್ಟ ಅಡಗಿರುವುದು ಅಲ್ಲಿ. ಗ್ರಾಚ್ಯುಟಿ ಲೆಕ್ಕಕ್ಕೆ ವೇತನ ಏರಿದ್ದು ನಿಮಗೆ ಲಾಭ.

ಪ್ರಶ್ನೆ: ಗುತ್ತಿಗೆದಾರರು ಎರಡು ತಿಂಗಳ ಸಂಬಳ ಕೊಡದೆ ಫೋನ್ ಆಫ್ ಮಾಡಿದ್ದಾರೆ. ಕಾರ್ಖಾನೆಯವರು "ನೀವು ನಮ್ಮ ಕೆಲಸಗಾರರಲ್ಲ" ಎನ್ನುತ್ತಾರೆ. ಕೊಟ್ಟಾಗಲೂ ಸಮವಸ್ತ್ರಕ್ಕೆ, "ಆಫೀಸ್ ಖರ್ಚಿಗೆ" ಎಂದು ಹಿಡಿಯುತ್ತಿದ್ದರು.
– ಹೌಸ್‌ಕೀಪಿಂಗ್ ಸಿಬ್ಬಂದಿ

ಉತ್ತರ: ಗುತ್ತಿಗೆದಾರ ಕೊಡದಿದ್ದರೆ ಸಂಸ್ಥೆಯ ಒಡೆತನ ಇರುವವರು ಕೊಡಬೇಕು (ಕಲಂ 43). ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸದಿಂದ ತೆಗೆದರೆ ಅಥವಾ ನೀವೇ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ.

ಕಡಿತಕ್ಕೆ ಕಲಂ 18ರಲ್ಲಿ ಪಟ್ಟಿಯೇ ಇದೆ: ಗೈರುಹಾಜರಿ, ದಂಡ, ಮುಂಗಡ, ಸಾಲ, ತೆರಿಗೆ, ಪಿಎಫ್, ಇಎಸ್‌ಐ ಮುಂತಾದವು. ಎಲ್ಲ ಸೇರಿ ವೇತನದ ಅರ್ಧ ಮೀರುವಂತಿಲ್ಲ. "ಆಫೀಸ್ ಖರ್ಚು" ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಸಮವಸ್ತ್ರದ ಹೆಸರೂ ಇಲ್ಲ. ದಂಡವೂ ಆ ಅವಧಿಯ ವೇತನದ ಶೇ 3 ಮೀರಬಾರದು, ಅದೂ ನಿಮ್ಮ ವಿವರಣೆ ಕೇಳಿದ ಮೇಲೆ. ಕಾರ್ಖಾನೆಗೆ ಬರೆಯುವಾಗ ಗೇಟ್ ಪಾಸಿನ ಫೋಟೊ, ಹಾಜರಾತಿಯ ಫೋಟೊ ಲಗತ್ತಿಸಿ. ನೀವು ಅಲ್ಲಿ ದುಡಿದಿರಿ ಎಂಬುದಕ್ಕೆ ಅಷ್ಟು ಸಾಕು.

ಪ್ರಶ್ನೆ: 11 ಜನರ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಸರ್ಕಾರ ದರ ಏರಿಸುತ್ತಾ ಹೋದರೆ ನಾನು ಜನ ಕಡಿಮೆ ಮಾಡಬೇಕಾಗುತ್ತದೆ. ಬೇಡಿಕೆ ಪೂರೈಕೆಯ ಮೇಲೆ ಕೂಲಿ ತಾನಾಗಿ ನಿಲ್ಲಲಿ ಎಂದು ಯಾಕೆ ಬಿಡಬಾರದು?
– ವರ್ಕ್‌ಶಾಪ್ ಮಾಲೀಕ

ಉತ್ತರ: ತರಕಾರಿಯಂತೆ ಕೂಲಿಯೂ ಬೇಡಿಕೆ ಪೂರೈಕೆಯಲ್ಲಿ ನಿಲ್ಲಬೇಕಾದರೆ ದುಡಿಯುವವರಿಗೆ ಬೇರೆ ಕಡೆ ಹೋಗುವ ದಾರಿ ಇರಬೇಕು. ಒಂದು ಪ್ರದೇಶದಲ್ಲಿ ಕೆಲಸ ಕೊಡುವವರು ಕೆಲವರೇ ಇದ್ದು, ಬೇರೆಡೆ ಏನು ದರ ಎಂಬುದು ಗೊತ್ತಿಲ್ಲದೆ, ಮುಂಗಡದ ಸಾಲವೂ ತಲೆಮೇಲಿದ್ದರೆ ಕೂಲಿ ಅವರ ದುಡಿಮೆಯ ಬೆಲೆಗಿಂತ ಕೆಳಗೆ ನಿಲ್ಲುತ್ತದೆ. ಖರೀದಿದಾರ ಒಬ್ಬನೇ ಇರುವ ಮಾರುಕಟ್ಟೆಯ ಈ ತರ್ಕವನ್ನು ಜೋನ್ ರಾಬಿನ್ಸನ್ 1933ರಲ್ಲೇ ಬಿಡಿಸಿಟ್ಟರು. ಅಂಥ ಕಡೆ ದರವನ್ನು ಹದವಾಗಿ ಏರಿಸಿದರೆ ಉದ್ಯೋಗ ಕಡಿಮೆಯಾಗಲೇಬೇಕೆಂದಿಲ್ಲ.

ಪುಸ್ತಕದ ಮಾತಷ್ಟೇ ಅಲ್ಲ ಇದು. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಮಳಿಗೆಗಳನ್ನು ಹೋಲಿಸಿ, ಏರಿಸಿದ ಕಡೆ ಉದ್ಯೋಗ ಕುಸಿದಿಲ್ಲ ಎಂದು 1994ರಲ್ಲಿ ಪ್ರಕಟಿಸಿದರು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಬೇರೆ ದತ್ತಾಂಶ ಹಿಡಿದು ಅದನ್ನು ಪ್ರಶ್ನಿಸಿದರು, ಜಗಳ ವರ್ಷಗಟ್ಟಲೆ ನಡೆಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹಾಗೆಂದು ಎಷ್ಟು ಏರಿಸಿದರೂ ತೊಂದರೆಯಿಲ್ಲ ಎಂದು ಅರ್ಥವಲ್ಲ. ಸುತ್ತಲಿನ ಸಾಮಾನ್ಯ ಕೂಲಿಗೆ ಹೋಲಿಸಿದರೆ ಕನಿಷ್ಠ ದರ ಎಲ್ಲಿದೆ ಎಂಬುದರ ಮೇಲೆ ಪರಿಣಾಮ ನಿಂತಿರುತ್ತದೆ. ಬಹಳ ಹತ್ತಿರ ಹೋದರೆ ಸಣ್ಣ ಊರಿನ ಸಣ್ಣ ಘಟಕ ಏದುಸಿರು ಬಿಡುವುದು ನಿಜ. ವಲಯವಾರು ದರ ಇಟ್ಟಿರುವುದಕ್ಕೆ ಒಂದು ಕಾರಣ ಅದು.

ನಿಮ್ಮ ಲೆಕ್ಕವನ್ನೇ ಹಾಕಿ. ನಿಮ್ಮ ಮಾಲಿನ ಬೆಲೆಯಲ್ಲಿ ಕೂಲಿಯ ಪಾಲು ಶೇ 20 ಎಂದಾದರೆ, ದರ ಶೇ 10 ಏರಿದಾಗ ನಿಮ್ಮ ವೆಚ್ಚ ಬೆಲೆಯ ಶೇ 2ರಷ್ಟು ಏರುತ್ತದೆ. ಇನ್ನೊಂದು ಕಡೆ, ಒಬ್ಬ ಟರ್ನರ್ ಬಿಟ್ಟುಹೋದರೆ ಹೊಸಬನಿಗೆ ಕಲಿಸುವಷ್ಟು ದಿನ ಹಾಳಾಗುವ ಮಾಲು, ನಿಲ್ಲುವ ಮೆಷಿನ್ ಎಷ್ಟು? ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಘೋಷಿಸಿದ್ದು ಧರ್ಮಕ್ಕಲ್ಲ. ಹಿಂದಿನ ವರ್ಷ ಅವರ ಕಾರ್ಖಾನೆಯಲ್ಲಿ ಕೆಲಸ ಬಿಟ್ಟವರ ಪ್ರಮಾಣ ಶೇ 370 ಇತ್ತು.

ಕಾನೂನಿನ ಮಟ್ಟಿಗೆ ಮಾತ್ರ "ನನಗೆ ಶಕ್ತಿಯಿಲ್ಲ" ಎಂಬುದು ಉತ್ತರವಲ್ಲ. ಕೇರಳದ ಹಂಚಿನ ಕಾರ್ಖಾನೆಗಳ ಮಾಲೀಕರು ಇದೇ ವಾದ ಹಿಡಿದು ಹೋದಾಗ, ಕನಿಷ್ಠ ವೇತನ ನಿಗದಿಗೆ ಉದ್ಯಮದ ಕೊಡುವ ಶಕ್ತಿ ಅಪ್ರಸ್ತುತ ಎಂದು 1961ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಕನಿಷ್ಠಕ್ಕಿಂತ ಮೇಲಿನ ನ್ಯಾಯಯುತ ವೇತನದ ಪ್ರಶ್ನೆ ಬಂದಾಗ ನಿಮ್ಮ ಶಕ್ತಿಯನ್ನು ಪರಿಗಣಿಸುತ್ತಾರೆ.

ಪ್ರಶ್ನೆ: ನೆಲಮಟ್ಟದ ವೇತನ ಮತ್ತು ಕನಿಷ್ಠ ವೇತನ ಒಂದೇ ಏನು?

ಉತ್ತರ: ಅಲ್ಲ. ನೆಲಮಟ್ಟದ ವೇತನವನ್ನು ಕೇಂದ್ರ ಗೊತ್ತುಮಾಡುತ್ತದೆ, ಯಾವ ರಾಜ್ಯದ ಕನಿಷ್ಠವೂ ಅದಕ್ಕಿಂತ ಕೆಳಗಿರಬಾರದು. ಈಗಾಗಲೇ ಮೇಲಿರುವ ರಾಜ್ಯ ದರ ಇಳಿಸುವಂತಿಲ್ಲ. 1996ರಲ್ಲಿ ದಿನಕ್ಕೆ 35 ರೂ. ಎಂದು ಶುರುವಾಗಿ 2017ಕ್ಕೆ 176 ಆಗಿದ್ದ ಹಳೆಯ ರಾಷ್ಟ್ರೀಯ ನೆಲಮಟ್ಟಕ್ಕೆ ಕಾನೂನಿನ ಬಲ ಇರಲಿಲ್ಲ, ಬರೀ ಸಲಹೆ. ಅನೂಪ್ ಸತ್ಪತಿ ಸಮಿತಿ 2019ರಲ್ಲಿ ಶಿಫಾರಸು ಮಾಡಿದ್ದು, 2018ರ ಜುಲೈ ಬೆಲೆಗಳಂತೆ, 375 ರೂ. ಸಂಹಿತೆಯ ಕಲಂ 9 ಈಗ ನೆಲಮಟ್ಟಕ್ಕೆ ಕಾನೂನಿನ ಬಲ ಕೊಟ್ಟಿದೆ.

ಪ್ರಶ್ನೆ: ಒಂದೇ ಕೆಲಸಕ್ಕೆ ಗಂಡಸರಿಗೆ 600, ನಮಗೆ 450. "ಅವರು ಮೂಟೆ ಎತ್ತುತ್ತಾರೆ" ಎನ್ನುತ್ತಾರೆ. ಮೂಟೆ ಬರುವುದು ವಾರಕ್ಕೊಮ್ಮೆ.
– ಗೋದಾಮಿನ ಕೆಲಸಗಾರ್ತಿ

ಉತ್ತರ: ಒಂದೇ ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗದ ಮೇಲೆ ದರ ಬೇರೆ ಮಾಡುವಂತಿಲ್ಲ. ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಇದೆಯೇ ಎಂದು ಇಡೀ ಕೆಲಸವನ್ನು ನೋಡಬೇಕು, ವಾರಕ್ಕೊಮ್ಮೆಯ ಒಂದು ತುಂಡನ್ನಲ್ಲ. ಮೂಟೆ ಎತ್ತಿದ ಹೊತ್ತಿಗೆ ಬೇರೆ ದರ ಬೇಕೆಂದಿದ್ದರೆ ಆ ಹೊತ್ತಿಗೆ ಮಾತ್ರ ಕೊಡಲಿ, ಅದನ್ನು ಎತ್ತುವ ಹೆಂಗಸರಿಗೂ ಕೊಡಲಿ. ಸರಿಪಡಿಸುವ ನೆಪದಲ್ಲಿ ಗಂಡಸರ 600 ಅನ್ನು ಇಳಿಸುವಂತಿಲ್ಲ.

ಪ್ರಶ್ನೆ: ಕಡಿಮೆ ಸಂಬಳಕ್ಕೆ ಒಪ್ಪಿ ಸಹಿ ಹಾಕಿದ್ದೇನೆ. ಈಗ ಬಾಕಿ ಕೇಳಬಹುದೇ? ಎಲ್ಲಿ, ಹೇಗೆ?
– ಹೋಟೆಲ್ ಕೆಲಸಗಾರ

ಉತ್ತರ: ಆ ಸಹಿಗೆ ಬೆಲೆಯಿಲ್ಲ. ಸಂಹಿತೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಲಂ 60ರ ಪ್ರಕಾರ ಅನೂರ್ಜಿತ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದಿತು. ಹಸಿವಿನ ಒತ್ತಾಯವೂ ಒತ್ತಾಯವೇ ಎಂಬುದು ಅದರ ತಿರುಳು.

ಮೊದಲು ಕಾರ್ಮಿಕ ಇಲಾಖೆಯ ವೆಬ್‌ಸೈಟಿನಿಂದ ಹೋಟೆಲ್ ಉದ್ಯಮದ ಅಧಿಸೂಚನೆ ತೆಗೆದು ನಿಮ್ಮ ವಲಯ, ವರ್ಗ ಗುರುತಿಸಿ. ಅಡುಗೆಯವರನ್ನು "ಹೆಲ್ಪರ್" ಎಂದು ಬರೆದು ಅಕುಶಲ ದರ ಕೊಡುವುದು ಬಹಳ ಕಡೆ ಇದೆ. ನೋಡಬೇಕಾದ್ದು ನೀವು ಮಾಡುವ ಕೆಲಸ, ಕಾಗದದ ಮೇಲಿನ ಹೆಸರಲ್ಲ. ಪ್ರತಿ ವರ್ಷದ ವಿಡಿಎ ಬೇರೆಯಾದ್ದರಿಂದ ವರ್ಷವಾರು ಪಟ್ಟಿ ಮಾಡಿ: ತಿಂಗಳು, ಸಲ್ಲಬೇಕಾದ್ದು, ಬಂದದ್ದು, ಬಾಕಿ, ಓಟಿ ಗಂಟೆ. ಹಿಂದಿನ ವರ್ಷಗಳಿಗೂ ಈಗಿನ ದರ ಹಾಕಿದರೆ ಎದುರು ಕಡೆಯ ವಕೀಲರು ಆ ತಪ್ಪನ್ನೇ ಹಿಡಿದು ಪಟ್ಟಿಯನ್ನಿಡೀ ಅಲುಗಾಡಿಸುತ್ತಾರೆ. ಬ್ಯಾಂಕ್ ಪಾಸ್‌ಬುಕ್, ಯುಪಿಐ ಸಂದೇಶ, ಡ್ಯೂಟಿ ಚಾರ್ಟಿನ ಫೋಟೊ, ಮ್ಯಾನೇಜರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲ ಜೋಡಿಸಿ.

ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಬೇಡ. ಬಾಕಿ ವಸೂಲಿಗೆ ಕಲಂ 45ರ ಅಡಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ನೀವೇ ಹಾಕಬಹುದು, ನೋಂದಾಯಿತ ಯೂನಿಯನ್ ಹಾಕಬಹುದು, ನಿರೀಕ್ಷಕರೂ ಹಾಕಬಹುದು. ಹಣ ಸಲ್ಲಬೇಕಾಗಿದ್ದ ದಿನದಿಂದ ಮೂರು ವರ್ಷದ ಅವಧಿ ಇದೆ, ತಕ್ಕ ಕಾರಣವಿದ್ದರೆ ತಡವಾದದ್ದನ್ನೂ ಸ್ವೀಕರಿಸಬಹುದು. ಬಾಕಿಯ ಜತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಅದು ಗರಿಷ್ಠ ಮಿತಿ, ಕೈಗೆ ಅಷ್ಟೂ ಬರುತ್ತದೆಂದು ಲೆಕ್ಕ ಹಾಕಿಕೊಳ್ಳಬೇಡಿ. ಹಣ ಪಾವತಿಸಿದ್ದೇವೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕರದು (ಕಲಂ 59). ಆದೇಶ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ. ಇದಲ್ಲದೆ ಕಡಿಮೆ ಕೊಟ್ಟದ್ದಕ್ಕೆ ಮಾಲೀಕರಿಗೆ 50,000 ರೂ.ವರೆಗೆ ದಂಡ, ಐದು ವರ್ಷದೊಳಗೆ ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ.

ಪ್ರಶ್ನೆ: ಮನೆಕೆಲಸದವರಿಗೆ ಇದೆಲ್ಲ ಅನ್ವಯಿಸುತ್ತದೆಯೇ? ನಮ್ಮ ಮನೆಗೆ ಬರುವವರಿಗೆ ಎಷ್ಟು ಕೊಡಬೇಕೆಂದು ತಿಳಿಯಬೇಕಿತ್ತು.
– ಗೃಹಿಣಿ

ಉತ್ತರ: ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ. ಹಳೆಯ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು, ಸಂಹಿತೆಯಲ್ಲಿ ಆ ಪಟ್ಟಿಯೇ ಇಲ್ಲ. ಮನೆಕೆಲಸಕ್ಕೆ ಐದು ಜನರೊಳಗೆ ಇಟ್ಟುಕೊಂಡವರು ರಿಜಿಸ್ಟರ್, ವೇತನ ಚೀಟಿ ಇಡಬೇಕಿಲ್ಲ, ಆದರೆ ನಿರೀಕ್ಷಕರು ಕೇಳಿದರೆ ಹಣ ಕೊಟ್ಟಿದ್ದಕ್ಕೆ ಪುರಾವೆ ತೋರಿಸಬೇಕು. ಚಾಲ್ತಿಯಲ್ಲಿರುವ ಮನೆಕೆಲಸದ ಅಧಿಸೂಚನೆಯಲ್ಲಿ ನಿಮ್ಮ ವಲಯದ ದರ ನೋಡಿ. ಅವರು ದಿನಕ್ಕೆ ಎರಡು ಗಂಟೆ ಬರುವವರಾದರೆ ದಿನದ ದರದ ಕಾಲು ಭಾಗವನ್ನು ಕನಿಷ್ಠ ಎಂದಿಟ್ಟುಕೊಂಡು ಅದರ ಮೇಲೆ ಮಾತಾಡಿ. ಹಣವನ್ನು ಖಾತೆಗೆ ಹಾಕಿದರೆ ಇಬ್ಬರಿಗೂ ಪುರಾವೆ ಉಳಿಯುತ್ತದೆ.